ಎಣಿಕೆಗೆ ಸಿಗದ ಎರಡನೇ ಪ್ರತಿ

ಸೋಮವಾರದ ನಮ್ಮ ಮೀಟಿಂಗ್ ಪುಣೆಯ ಲೆಕ್ಕಕ್ಕೆ ಮಧ್ಯಾಹ್ನ ಎರಡೂವರೆಗೆ. ಎಲ್ಲರೂ ಸೇರುವ ತನಕ ಹತ್ತು ನಿಮಿಷ ಹರಟೆ. ಕಳೆದ ತಿಂಗಳು ಹಾಗೆ ಕಾಯುತ್ತಿದ್ದಾಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ಹಿರಿಯ ಸಹೋದ್ಯೋಗಿಯೊಬ್ಬರು ಕ್ಯಾಮೆರಾ ಮುಂದೆ ಹಳೆಯ ರೂಲ್ ಪುಸ್ತಕವೊಂದನ್ನು ಹಿಡಿದರು. ಅಟ್ಟ ಖಾಲಿ ಮಾಡುವಾಗ ಸಿಕ್ಕಿತಂತೆ. ಅದರ ತುಂಬ ಹಾಡುಗಳ ಪಟ್ಟಿ. ಒಂದರಿಂದ ನಲವತ್ತು, ವಾರಕ್ಕೊಂದು ಪುಟ, ಹುಡುಗನ ಉರುಟು ಅಕ್ಷರ. 1981ರ ಫೆಬ್ರವರಿಯ ಒಂದು ಪುಟದಲ್ಲಿ ಎರಡನೇ ಸ್ಥಾನದ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ. ಒತ್ತಿ ಎಳೆದ ರಭಸಕ್ಕೆ ಕಾಗದವೇ ಹರಿದಿದೆ.

ಮೊದಲ ಸ್ಥಾನದಲ್ಲಿದ್ದದ್ದು ಜೋ ಡಾಲ್ಚಿ ಎಂಬಾತನ 'ಶಡಪ್ ಯು ಫೇಸ್'. ಎರಡನೆಯದು ಅಲ್ಟ್ರಾವಾಕ್ಸ್ ತಂಡದ 'ವಿಯೆನ್ನಾ'. 'ಆಗ ನನಗೆ ಹದಿಮೂರು ವರ್ಷ. ಬೆಳಿಗ್ಗೆ ಮನೆಮನೆಗೆ ಪೇಪರ್ ಹಾಕಿ ಗಳಿಸಿದ ದುಡ್ಡಲ್ಲಿ ವಿಯೆನ್ನಾ ರೆಕಾರ್ಡನ್ನು ಎರಡು ಸಲ ಕೊಂಡೆ. ಒಂದು ಕೇಳೋದಕ್ಕೆ, ಇನ್ನೊಂದು ಅದನ್ನ ಒಂದನೇ ಸ್ಥಾನಕ್ಕೆ ತಳ್ಳೋದಕ್ಕೆ' ಎಂದರು. ಅಷ್ಟರಲ್ಲಿ ಮ್ಯಾನೇಜರ್ ಬಂದರು, ಪುಸ್ತಕ ಕೆಳಗಿಳಿಯಿತು.

ನನ್ನ ಕೆಲಸವೂ ಪಟ್ಟಿ ಮಾಡುವುದೇ. ಎಂ.ಟೆಕ್ ಮುಗಿಸಿದ ಮೇಲೆ ಹನ್ನೊಂದು ವರ್ಷದಿಂದ ಅಂಗಡಿಗಳ ಮಾರಾಟದ ಡೇಟಾ ಸೋಸುವುದು, ಕೂಡಿಸುವುದು, 'ಈ ವಾರ ಅತಿ ಹೆಚ್ಚು ಮಾರಾಟವಾದವು' ಎಂದು ಮೇಲಿಂದ ಕೆಳಗೆ ಜೋಡಿಸುವುದು. ಹಾಗಾಗಿ ಆ ಹುಡುಗನ ಎರಡನೇ ಪ್ರತಿ ತಲೆಯಿಂದ ಹೋಗಲಿಲ್ಲ. ಅದು ನಿಜಕ್ಕೂ ಲೆಕ್ಕಕ್ಕೆ ಬಂದಿತೇ? ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಒಂದು ದೇಶದ ರೆಕಾರ್ಡ್ ಮಾರಾಟವನ್ನು ವಾರವಾರವೂ ಎಣಿಸುತ್ತಿದ್ದದ್ದು ಹೇಗೆ? ಎರಡು ವಾರಾಂತ್ಯ ಇದನ್ನೇ ಓದುತ್ತ ಕೂತೆ.

ಆ ಕಾಲದ ಬ್ರಿಟನ್ನಿನಲ್ಲಿ ಸಿಂಗಲ್ ಎಂದರೆ ಏಳಿಂಚಿನ ತಟ್ಟೆ. ಒಂದು ಬದಿಗೆ ಹೆಸರಾಗಬೇಕಾದ ಹಾಡು, ಇನ್ನೊಂದು ಬದಿಗೆ ಮತ್ತೊಂದು. ಬೆಲೆ ಒಂದು ಪೌಂಡಿನ ಆಸುಪಾಸು. ಶಾಲಾ ಮಕ್ಕಳ ಕೈಗೂ ಎಟುಕುವಂಥದ್ದು. ಪಟ್ಟಿಯ ಕಥೆ ಮಾತ್ರ ಇನ್ನೂ ಹಳೆಯದು. 1952ರ ನವೆಂಬರ್ 14ರಂದು 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' ಪತ್ರಿಕೆ ಒಂದಷ್ಟು ಅಂಗಡಿಗಳಿಗೆ ಫೋನ್ ಮಾಡಿ ಮೊದಲ ಪಟ್ಟಿ ಅಚ್ಚು ಹಾಕಿತು. ಮರುತಿಂಗಳೇ ಇತ್ತ ರೇಡಿಯೊ ಸಿಲೋನ್‌ನಲ್ಲಿ ಅಮೀನ್ ಸಯಾನಿಯವರ 'ಬಿನಾಕಾ ಗೀತಮಾಲಾ' ಶುರುವಾಯಿತು. ನಮ್ಮ ಮನೆಗಳ ಹಿರಿಯರು ಬುಧವಾರ ರಾತ್ರಿ ಎಂಟಕ್ಕೆ ರೇಡಿಯೊಗೆ ಕಿವಿ ಹಚ್ಚಿ ಕೂರುತ್ತಿದ್ದ ಕಾರ್ಯಕ್ರಮ. ಅಲ್ಲೂ ಅಂಗಡಿಗಳ ಮಾರಾಟದ ವರದಿಯನ್ನಷ್ಟೇ ನಂಬಲಾಗದೆ ಶ್ರೋತೃ ಸಂಘಗಳ ಅಭಿಪ್ರಾಯವನ್ನೂ ಸೇರಿಸಿಕೊಂಡರು. ಆ ಅಪನಂಬಿಕೆ ಯಾಕೆ ಎಂಬುದು ಬ್ರಿಟನ್ನಿನ ಕಥೆ ಓದಿದಾಗ ಚೆನ್ನಾಗಿ ಅರ್ಥವಾಯಿತು.

1969ರಿಂದ ಅಲ್ಲಿನ ಅಧಿಕೃತ ಪಟ್ಟಿ ಮಾಡುತ್ತಿದ್ದದ್ದು ಬ್ರಿಟಿಷ್ ಮಾರ್ಕೆಟ್ ರಿಸರ್ಚ್ ಬ್ಯೂರೊ. ವಿಧಾನ ಬಲು ಸರಳ. ದೇಶದಾದ್ಯಂತ ಸುಮಾರು 300 ಅಂಗಡಿ ಆರಿಸಿಕೊಂಡು ಪ್ರತಿಯೊಂದಕ್ಕೂ ಒಂದು ಡೈರಿ ಕೊಟ್ಟರು. ರೆಕಾರ್ಡ್ ಮಾರಾಟವಾದಾಗಲೆಲ್ಲ ಕೌಂಟರ್‌ನಲ್ಲಿದ್ದವರು ಅದರ ಕ್ಯಾಟಲಾಗ್ ಸಂಖ್ಯೆಯನ್ನು ಡೈರಿಯಲ್ಲಿ ಬರೆಯಬೇಕು. ಶನಿವಾರ ವ್ಯಾಪಾರ ಮುಗಿದ ಮೇಲೆ ಡೈರಿ ಅಂಚೆಗೆ. 1971ರಲ್ಲಿ ಅಂಚೆ ನೌಕರರು ಮುಷ್ಕರ ಹೂಡಿದಾಗ ಇಡೀ ವ್ಯವಸ್ಥೆಯೇ ತತ್ತರಿಸಿತು. ಫೋನ್‌ನಲ್ಲಿ ಕೇಳಿ ಬರೆದುಕೊಂಡರು, ಸಾಲಲಿಲ್ಲ. ಆಮೇಲೆ ಮೋಟಾರ್‌ಸೈಕಲ್ ಸವಾರರನ್ನು ಇಟ್ಟು ಡೈರಿ ತರಿಸತೊಡಗಿದರು. ಮಂಗಳವಾರ ಮಧ್ಯಾಹ್ನ ಬಿಬಿಸಿಯ ರೇಡಿಯೊ 1ರಲ್ಲಿ ಹೊಸ ಪಟ್ಟಿ ಪ್ರಕಟ. ಶಾಲೆಯ ಊಟದ ಬಿಡುವಿನಲ್ಲಿ ಹುಡುಗರು ಪುಟ್ಟ ಟ್ರಾನ್ಸಿಸ್ಟರ್ ಸುತ್ತ ಗುಂಪುಗೂಡುವ ಹೊತ್ತು ಅದು. ಗುರುವಾರ ಸಂಜೆ ಟಿವಿಯಲ್ಲಿ 'ಟಾಪ್ ಆಫ್ ದ ಪಾಪ್ಸ್'. ಭಾನುವಾರ ಸಂಜೆ ರೇಡಿಯೊದಲ್ಲಿ ನಲವತ್ತರಿಂದ ಒಂದರವರೆಗೆ ಕೆಳಗಿನಿಂದ ಮೇಲಕ್ಕೆ. ಟೇಪ್ ರೆಕಾರ್ಡರ್‌ನ ಎರಡು ಗುಂಡಿಗಳ ಮೇಲೆ ಬೆರಳಿಟ್ಟು, ನಿರೂಪಕನ ಮಾತು ನಿಂತ ಕ್ಷಣಕ್ಕೆ ಸರಿಯಾಗಿ ಒತ್ತಬೇಕು. ನನ್ನ ಸಹೋದ್ಯೋಗಿಯ ಪುಸ್ತಕ ತುಂಬಿದ್ದು ಆ ಭಾನುವಾರಗಳಲ್ಲಿ.

ಈಗ ಒಂದು ಸಣ್ಣ ಲೆಕ್ಕ. ಸುಲಭವಾಗಲಿ ಎಂದು ದೇಶದಲ್ಲಿ ರೆಕಾರ್ಡ್ ಮಾರುವ 6,000 ಅಂಗಡಿಗಳಿವೆ ಎಂದಿಟ್ಟುಕೊಳ್ಳಿ. ಎಣಿಸುವುದು 300. ಅಂದರೆ ಡೈರಿ ಇರುವ ಒಂದು ಅಂಗಡಿ ಇಪ್ಪತ್ತು ಅಂಗಡಿಗಳ ಪರವಾಗಿ ಮಾತಾಡುತ್ತದೆ. ಅಲ್ಲಿ ಬರೆದ ಒಂದು ಗೆರೆ ಇಪ್ಪತ್ತು ಪ್ರತಿಗೆ ಸಮ. ಡೈರಿ ಇಲ್ಲದ ಅಂಗಡಿಯಲ್ಲಿ ನೂರು ಮಾರಿದರೂ ಅದು ಸೊನ್ನೆಯೇ. ಪಟ್ಟಿಯ ತುದಿಯಲ್ಲಿ ಇದರಿಂದ ದೊಡ್ಡ ವ್ಯತ್ಯಾಸ ಆಗದು, ಅಲ್ಲಿ ಮಾರಾಟ ಸಾವಿರಗಟ್ಟಲೆ ಇರುತ್ತದೆ. ಆದರೆ ಐವತ್ತು, ಎಪ್ಪತ್ತರ ಸುಮಾರಿಗೆ ಸ್ಥಾನದಿಂದ ಸ್ಥಾನಕ್ಕೆ ಅಂತರ ತೀರ ತೆಳು. ಅಲ್ಲಿ ಹತ್ತಿಪ್ಪತ್ತು ಡೈರಿಗಳಲ್ಲಿ ನಾಲ್ಕಾರು ಗೆರೆ ಜಾಸ್ತಿ ಬಿದ್ದರೆ ಹಾಡು ಎದ್ದು ಕೂರುತ್ತದೆ.

ಮತ್ತು ಆಟ ಶುರುವಾಗುತ್ತಿದ್ದದ್ದೇ ಕೆಳಗಿನಿಂದ. 1978ರಿಂದ ಪಟ್ಟಿ 75 ಸ್ಥಾನಗಳದ್ದು. ದೊಡ್ಡ ಮಳಿಗೆಗಳು ರೆಕಾರ್ಡ್ ತರಿಸುತ್ತಿದ್ದದ್ದು ಪಟ್ಟಿ ನೋಡಿಕೊಂಡು. ನಲವತ್ತರೊಳಗೆ ಬಂದರೆ ಭಾನುವಾರದ ರೇಡಿಯೊ, ಮೇಲೇರುತ್ತಿದ್ದರೆ ಗುರುವಾರದ ಟಿವಿ. ಟಿವಿಯಲ್ಲಿ ಬಂದರೆ ಮರುವಾರ ಮಾರಾಟ. ಮಾರಾಟದಿಂದ ಪಟ್ಟಿ ಹುಟ್ಟಬೇಕು, ಇಲ್ಲಿ ಪಟ್ಟಿಯಿಂದಲೂ ಮಾರಾಟ ಹುಟ್ಟುತ್ತಿತ್ತು. ನಮ್ಮ ಕಸುಬಿನಲ್ಲಿ ಇದು ಹಳೆಯ ರೋಗ: ಅಳೆಯುವ ಕೋಲೇ ಅಳೆಸಿಕೊಳ್ಳುವುದನ್ನು ಉದ್ದ ಮಾಡುವುದು. ಮೊಬೈಲ್ ಆ್ಯಪ್‌ಗಳ ಪಟ್ಟಿಯಲ್ಲಿ ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿಸುವವರಿಗೂ ಆಗಿನ ರೆಕಾರ್ಡ್ ಕಂಪನಿಗಳ ಮಾರಾಟ ಪ್ರತಿನಿಧಿಗಳಿಗೂ ಏನೂ ಫರಕಿಲ್ಲ.

ಯಾವ ಅಂಗಡಿಗಳಲ್ಲಿ ಡೈರಿ ಇದೆ ಎಂಬುದು ಗುಟ್ಟಾಗಿರಬೇಕಿತ್ತು. ಉದ್ಯಮಕ್ಕೆ ಅದು ಗೊತ್ತಿತ್ತು. ಆ ಅಂಗಡಿಗಳಿಗೆ ಪುಕ್ಕಟೆ ರೆಕಾರ್ಡ್, ಟೀಶರ್ಟ್, ಕೆಲವೊಮ್ಮೆ ನಗದು. ಬದಲಿಗೆ ಡೈರಿಯಲ್ಲಿ ಇಲ್ಲದ ಮಾರಾಟದ ಗೆರೆ. ಕೆಲವೆಡೆ ಜನರನ್ನು ಕಳಿಸಿ ಕೊಳ್ಳಿಸುವುದೂ ಇತ್ತು. ಇದಕ್ಕೆ ಅವರಿಟ್ಟ ಹೆಸರು ಹೈಪಿಂಗ್. 1980ರಲ್ಲಿ 'ವರ್ಲ್ಡ್ ಇನ್ ಆ್ಯಕ್ಷನ್' ಎಂಬ ಟಿವಿ ಕಾರ್ಯಕ್ರಮ ಇದನ್ನು ಬಯಲಿಗೆಳೆದಾಗ ದೊಡ್ಡ ಗದ್ದಲವಾಯಿತು.

ಅದಾಗಿ ಕೆಲವೇ ತಿಂಗಳಿಗೆ 'ವಿಯೆನ್ನಾ' ಬಂತು. 1980ರ ಡಿಸೆಂಬರ್ 8ರಂದು ಜಾನ್ ಲೆನನ್ ಕೊಲೆಯಾಗಿತ್ತು. ದುಃಖದಲ್ಲಿದ್ದ ಜನ ಆತನ ರೆಕಾರ್ಡುಗಳಿಗೆ ಮುಗಿಬಿದ್ದರು. ಡಿಸೆಂಬರ್‌ನಿಂದ ಫೆಬ್ರವರಿಯ ನಡುವೆ ಆತನ ಮೂರು ಹಾಡುಗಳು ಸರದಿಯಂತೆ ಮೊದಲ ಸ್ಥಾನಕ್ಕೇರಿದವು. ನಡುವೆ ಕ್ರಿಸ್‌ಮಸ್‌ಗೆ ಅಜ್ಜಿಯ ಗುಣಗಾನ ಮಾಡುವ ಶಾಲಾ ಮಕ್ಕಳ ಹಾಡೊಂದು ನುಗ್ಗಿತು, ಅದು ಬೇರೆ. 'ವಿಯೆನ್ನಾ' ಎರಡಕ್ಕೆ ಬಂದು ನಿಂತಾಗ ಮೇಲಿದ್ದದ್ದು ಲೆನನ್‌ನ 'ವುಮನ್'. ಅದು ಇಳಿಯುತ್ತದೆ, ಮುಂದಿನ ವಾರ ನಮ್ಮದೇ ಎಂದು ಅಲ್ಟ್ರಾವಾಕ್ಸ್ ಅಭಿಮಾನಿಗಳು ಕಾದರು. ಲೆನನ್ ಇಳಿದ. ಕೆಳಗಿನಿಂದ ಹಾರಿ ಬಂದದ್ದು ಜೋ ಡಾಲ್ಚಿ. ಅಮೆರಿಕದಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ನೆಲೆಸಿದ್ದ ಈತನದು ಇಟಾಲಿಯನ್ ವಲಸಿಗರ ಇಂಗ್ಲಿಷನ್ನು ಅಣಕಿಸುವ ತಮಾಷೆಯ ಹಾಡು. ಮೂರು ವಾರ ಕದಲಲಿಲ್ಲ. ಒಟ್ಟು ನಾಲ್ಕು ವಾರ ಎರಡನೇ ಸ್ಥಾನದಲ್ಲಿದ್ದು 'ವಿಯೆನ್ನಾ' ಇಳಿದುಹೋಯಿತು.

ನಾನು ಎರಡನ್ನೂ ಕೇಳಿದೆ. 'ವಿಯೆನ್ನಾ' ನಿಧಾನ, ಮಂಜು ಮುಸುಕಿದ ಹಾಗೆ, ನಡುವೆ ವಯೋಲಾ. ಡಾಲ್ಚಿಯ ಹಾಡು ಒಮ್ಮೆ ಕೇಳಿದರೆ ಎರಡು ದಿನ ಬಾಯಿಂದ ಹೋಗುವುದಿಲ್ಲ. ಯಾವುದು ಒಳ್ಳೆಯದು ಎಂದು ಕೇಳಿದರೆ ನಾನೂ ಆ ಹುಡುಗನ ಕಡೆಯೇ. ಆದರೆ ಪಟ್ಟಿ ಕೇಳಿದ್ದು ಆ ಪ್ರಶ್ನೆಯನ್ನಲ್ಲ. ಈ ಆರು ದಿನಗಳಲ್ಲಿ, ಈ ಅಂಗಡಿಗಳಲ್ಲಿ ಯಾವುದು ಹೆಚ್ಚು ಹೋಯಿತು, ಅಷ್ಟೆ. ಹಿಂದಿನ ವಾರ ಎಷ್ಟು ಹೋಗಿತ್ತು ಎಂಬುದು ಅದಕ್ಕೆ ಬೇಡ. ಒಂದು ಮತ್ತು ಎರಡರ ನಡುವೆ ಹತ್ತು ಪ್ರತಿಯ ಅಂತರವೋ ಐವತ್ತು ಸಾವಿರದ ಅಂತರವೋ, ಅದನ್ನೂ ಹೇಳುವುದಿಲ್ಲ. ಹಬ್ಬ ಮುಗಿದು ಜೇಬು ಖಾಲಿಯಾದ ಜನವರಿಯಲ್ಲಿ ಮೊದಲ ಸ್ಥಾನ ಅಗ್ಗ, ಡಿಸೆಂಬರ್‌ನಲ್ಲಿ ಎರಡನೆಯದೂ ದುಬಾರಿ. ನಂಬಿಕೆ ಬಾರದಿದ್ದರೆ ವ್ಯಾಮ್ ತಂಡದ 'ಲಾಸ್ಟ್ ಕ್ರಿಸ್‌ಮಸ್' ನೋಡಿ. 1984ರಲ್ಲಿ ಹತ್ತು ಲಕ್ಷ ಪ್ರತಿ ದಾಟಿಯೂ ಎರಡರಲ್ಲೇ ಉಳಿಯಿತು. ಕೊನೆಗೆ ಮೊದಲ ಸ್ಥಾನ ಸಿಕ್ಕಿದ್ದು 2021ರ ಜನವರಿಯಲ್ಲಿ. ಹಾಡಿದ ಜಾರ್ಜ್ ಮೈಕೆಲ್ ತೀರಿಕೊಂಡು ನಾಲ್ಕು ವರ್ಷ ಆಗಿತ್ತು.

ಎರಡೆರಡು ಕೊಳ್ಳುವ ಚಾಳಿ ನನ್ನ ಸಹೋದ್ಯೋಗಿಯೊಬ್ಬರದೇ ಅಲ್ಲ. 1982ರ ಫೆಬ್ರವರಿಯಲ್ಲಿ ದ ಜ್ಯಾಮ್ ತಂಡದ 'ಟೌನ್ ಕಾಲ್ಡ್ ಮ್ಯಾಲಿಸ್' ನೇರವಾಗಿ ಮೊದಲ ಸ್ಥಾನಕ್ಕೇ ಬಂತು. ಅದರ ಕೆಳಗೆ ಸಿಕ್ಕಿಹಾಕಿಕೊಂಡದ್ದು ಸ್ಟ್ರ್ಯಾಂಗ್ಲರ್ಸ್ ತಂಡದ 'ಗೋಲ್ಡನ್ ಬ್ರೌನ್'. ಜ್ಯಾಮ್ ಹಾಡು ಏಳಿಂಚಿನಲ್ಲಿ ಒಂದು ರೂಪ, ಹನ್ನೆರಡಿಂಚಿನಲ್ಲಿ ವೇದಿಕೆಯ ಮೇಲೆ ಹಾಡಿದ ಇನ್ನೊಂದು ರೂಪ. ಅಭಿಮಾನಿಗಳು ಎರಡನ್ನೂ ಕೊಳ್ಳುತ್ತಿದ್ದಾರೆ, ಎರಡನ್ನೂ ಕೂಡಿಸಿ ಎಣಿಸುವುದು ನ್ಯಾಯವೇ ಎಂದು ಸ್ಟ್ರ್ಯಾಂಗ್ಲರ್ಸ್ ಕಂಪನಿ ತಕರಾರು ತೆಗೆಯಿತು. ಎಣಿಸುತ್ತಿರುವುದು ತಟ್ಟೆಗಳನ್ನೋ, ಕೊಳ್ಳುವ ತಲೆಗಳನ್ನೋ? ನಾವು ಇದೇ ಜಗಳವನ್ನು 'ಯುನೀಕ್ ಯೂಸರ್' ಎಂಬ ಹೆಸರಲ್ಲಿ ವಾರಕ್ಕೊಮ್ಮೆ ಆಡುತ್ತೇವೆ.

1983ರ ಜನವರಿಯಲ್ಲಿ ಗ್ಯಾಲಪ್ ಸಂಸ್ಥೆ ಪಟ್ಟಿಯ ಹೊಣೆ ಹೊತ್ತಿತು. ಡೈರಿಯ ಜಾಗಕ್ಕೆ ಕೀಲಿಮಣೆಯ ಸಣ್ಣ ಯಂತ್ರ ಬಂತು. ಕ್ಯಾಟಲಾಗ್ ಸಂಖ್ಯೆ ಒತ್ತಿದರೆ ಅದರಲ್ಲಿ ಉಳಿಯುತ್ತದೆ, ರಾತ್ರಿ ಫೋನ್ ತಂತಿಯ ಮೂಲಕ ಕೇಂದ್ರದ ಕಂಪ್ಯೂಟರ್ ಎಳೆದುಕೊಳ್ಳುತ್ತದೆ. ಇದನ್ನು ಓದಿದಾಗ ನನಗೆ ನಗು ಬಂತು. ರಾತ್ರಿ ನಮ್ಮ ಸರ್ವರ್ ಮಾಡುವುದೂ ಅದನ್ನೇ, ನಲವತ್ತು ವರ್ಷದಲ್ಲಿ ಯಂತ್ರ ಮಾತ್ರ ಸಣ್ಣದಾಗಿದೆ. ಸುಳ್ಳು ಗೆರೆ ಎಳೆಯುವುದು ಕಷ್ಟವಾಯಿತು. ಅಂಗಡಿ ಆರಿಸಿಕೊಳ್ಳುವ ಪದ್ಧತಿ ಹಾಗೇ ಉಳಿಯಿತು.

ಈ ಹಾಡುಗಳ ಹಿಂದೆ ಇನ್ನೊಂದು ಎಣಿಕೆಯೂ ನಡೆದಿತ್ತು. ಥ್ಯಾಚರ್ ಆಡಳಿತದ ಆ ವರ್ಷಗಳಲ್ಲಿ ಕಾರ್ಖಾನೆಗಳು ಮುಚ್ಚುತ್ತಿದ್ದವು. 1982ರ ಜನವರಿಯಲ್ಲಿ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ಮುಟ್ಟಿತು. ಬರ್ಮಿಂಗ್‌ಹ್ಯಾಮ್‌ನ ಹುಡುಗರ ತಂಡವೊಂದು ನಿರುದ್ಯೋಗ ಭತ್ಯೆಯ ಅರ್ಜಿ ನಮೂನೆಯ ಸಂಖ್ಯೆಯನ್ನೇ ತನ್ನ ಹೆಸರಾಗಿಟ್ಟುಕೊಂಡಿತು, ಯುಬಿ40. ತಮ್ಮ ಸೀಮೆಯಲ್ಲಿ ಹತ್ತರಲ್ಲೊಬ್ಬರಿಗೆ ಕೆಲಸವಿಲ್ಲ ಎಂಬ ಅಂಕಿಯನ್ನು ಹಿಡಿದು 'ವನ್ ಇನ್ ಟೆನ್' ಎಂದು ಹಾಡು ಕಟ್ಟಿತು. 1981ರಲ್ಲಿ ಅದು ಏಳನೇ ಸ್ಥಾನಕ್ಕೇರಿತು. ಅದೇ ಜುಲೈನಲ್ಲಿ ನಗರಗಳಲ್ಲಿ ಗಲಭೆ ಹೊತ್ತಿ ಉರಿಯುವಾಗ ಪಟ್ಟಿಯ ತುದಿಯಲ್ಲಿದ್ದದ್ದು ಸ್ಪೆಷಲ್ಸ್ ತಂಡದ 'ಘೋಸ್ಟ್ ಟೌನ್', ಪಾಳುಬಿದ್ದ ಊರಿನ ಹಾಡು. ಪಟ್ಟಿ ಎಷ್ಟೇ ಕಲಬೆರಕೆಯಾಗಿದ್ದರೂ ಊರಿನ ಉಸಿರನ್ನು ಆಗಾಗ ಹಿಡಿಯುತ್ತಿತ್ತು, ಇಲ್ಲ ಎನ್ನಲಾರೆ.

ಹಿಡಿಯದೇ ಹೋದದ್ದು ಯಾವುದು? ಲಂಡನ್ನಿನ ಸೌತಾಲ್. ಅಲ್ಲಿನ ಪಂಜಾಬಿಗಳ ಮದುವೆಗಳಲ್ಲಿ ಅಲಾಪ್‌ನಂಥ ಭಾಂಗ್ರಾ ತಂಡಗಳು ಕುಣಿಸುತ್ತಿದ್ದ ಕಾಲ ಅದು. ಅವುಗಳ ಕ್ಯಾಸೆಟ್ ರಾಶಿಗಟ್ಟಲೆ ಖರ್ಚಾಗುತ್ತಿದ್ದವು. ಆದರೆ ಖರ್ಚಾಗುತ್ತಿದ್ದದ್ದು ಕಿರಾಣಿ ಅಂಗಡಿಯಲ್ಲಿ, ಮಿಠಾಯಿ ಅಂಗಡಿಯಲ್ಲಿ, ಸೀರೆ ಅಂಗಡಿಯಲ್ಲಿ. ಅಲ್ಲಿಗೆ ಡೈರಿ ಹೋಗಲಿಲ್ಲ, ಯಂತ್ರವೂ ಹೋಗಲಿಲ್ಲ. ಹಾಗಾಗಿ ಬ್ರಿಟನ್ನಿನ ಪಟ್ಟಿಯಲ್ಲಿ ಭಾಂಗ್ರಾ ಇಲ್ಲ. 1982ರಲ್ಲಿ ಮಾನ್ಸೂನ್ ತಂಡದ 'ಎವರ್ ಸೋ ಲೋನ್ಲಿ' 12ನೇ ಸ್ಥಾನಕ್ಕೆ ಬಂತು. ಹಾಡಿದ ಶೀಲಾ ಚಂದ್ರ ದಕ್ಷಿಣ ಭಾರತ ಮೂಲದ ಲಂಡನ್ ಹುಡುಗಿ. ಅದು ಮುಖ್ಯ ಬೀದಿಯ ಅಂಗಡಿಗೆ ಹೋದ ರೆಕಾರ್ಡ್, ಎಣಿಕೆಗೆ ಸಿಕ್ಕಿತು.

ಇಲ್ಲಿಗೆ ಬಂದಾಗ ನಾನು ಲ್ಯಾಪ್‌ಟಾಪ್ ಮುಚ್ಚಿ ಗದಗಿಗೆ ಫೋನ್ ಮಾಡಿದೆ. ನಮ್ಮಪ್ಪ ಹದಿನೈದು ವರ್ಷ ಕ್ಯಾಸೆಟ್ ಅಂಗಡಿ ಇಟ್ಟಿದ್ದರು. ಹತ್ತು ಅಡಿ ಅಗಲದ ಜಾಗ, ಎದುರಿಗೆ ಚಹಾದಂಗಡಿ. ಶಾಲೆ ಬಿಟ್ಟ ಮೇಲೆ ಕ್ಯಾಸೆಟ್ ಸುತ್ತಿ ಕೊಡುವ ಕೆಲಸ ನನ್ನದು. 'ಅಪ್ಪಾ, ಎಷ್ಟ್ ಕ್ಯಾಸೆಟ್ ಹೋದ್ವು ಅಂತ ನಿಮ್ಮನ್ನ ಯಾರರ ಕೇಳ್ತಿದ್ರ?' ಎಂದೆ.

'ಯಾರ್ ಕೇಳ್ತಾರೋ? ಹುಬ್ಬಳ್ಳಿ ಡೀಲರ್ ಕೇಳಾಂವ, ರೊಕ್ಕ ಯಾವಾಗ ಕೊಡ್ತಿ ಅಂತ' ಎಂದು ನಕ್ಕರು. ಆಮೇಲೆ ತಾವೇ ಶುರುಮಾಡಿದರು. 'ಸಿನಿಮಾದ್ದು ಒಂದ್ ತಿಂಗಳ ಭಾರಿ ಓಡತಿತ್ತು, ಆಮ್ಯಾಲೆ ಧೂಳ ತಿಂತಿತ್ತು. ಪುಟ್ಟರಾಜ ಗವಾಯಿಗಳ ವಚನ, ತತ್ವಪದ, ನಾಟಕದ ಕ್ಯಾಸೆಟ್ ಅವ ನೋಡು, ವಾರಕ್ಕ ಎರಡೋ ಮೂರೋ. ಆದ್ರ ಹದಿನೈದ ವರ್ಷ ಒಂದ್ ವಾರನೂ ತಪ್ಪಲಿಲ್ಲ. ಬೆಂಗಳೂರಾಗ ಓಡಿದ್ದಕ್ಕ ಹಿಟ್ ಅಂತಿದ್ರು. ನಮ್ಮಲ್ಲಿ ಓಡಿದ್ದು ಓಡ್ತು ಅಷ್ಟ.'

ವಾರಕ್ಕೆ ಮೂರು, ಹದಿನೈದು ವರ್ಷ. ಮನಸ್ಸಿನಲ್ಲೇ ಗುಣಿಸಿದೆ, 2,300ರ ಮೇಲೆ. ಯಾವ ವಾರದ ಪಟ್ಟಿಯಲ್ಲೂ ಅದಕ್ಕೆ ಜಾಗವಿಲ್ಲ. ಇಂಥ ನಿಧಾನದ ಮಾರಾಟದ ದೊಡ್ಡ ಉದಾಹರಣೆ ಬ್ರಿಟನ್ನಿನಲ್ಲೂ ಇದೆ. 1983ರಲ್ಲಿ ನ್ಯೂ ಆರ್ಡರ್ ತಂಡದ 'ಬ್ಲೂ ಮಂಡೇ' ಬಂತು, ಹನ್ನೆರಡಿಂಚಿನ ತಟ್ಟೆಯಲ್ಲಿ ಮಾತ್ರ. ವಸಂತದಲ್ಲಿ ಒಮ್ಮೆ ಏರಿ ಇಳಿಯಿತು. ಬೇಸಿಗೆ ರಜೆಯಲ್ಲಿ ಹೊರದೇಶಕ್ಕೆ ಹೋದವರು ಅಲ್ಲಿನ ಡಿಸ್ಕೊಗಳಲ್ಲಿ ಕೇಳಿ ಬಂದು ಮತ್ತೆ ಕೊಂಡರಂತೆ. ಶರತ್ಕಾಲಕ್ಕೆ ಒಂಬತ್ತನೇ ಸ್ಥಾನ. ಅದಕ್ಕಿಂತ ಮೇಲೆ ಆ ವರ್ಷ ಹೋಗಲಿಲ್ಲ. ಹೀಗೆ ಮಾರುತ್ತ ಮಾರುತ್ತ ಅದು ಬ್ರಿಟನ್ನಿನಲ್ಲಿ ಅತಿ ಹೆಚ್ಚು ಖರ್ಚಾದ ಹನ್ನೆರಡಿಂಚಿನ ರೆಕಾರ್ಡ್ ಆಯಿತು. ಆದರೂ ಗೋಲ್ಡ್ ಡಿಸ್ಕ್ ಇಲ್ಲ. ಆ ದಿನಗಳಲ್ಲಿ ಎರಡೂವರೆ ಲಕ್ಷಕ್ಕೆ ಬೆಳ್ಳಿ, ಐದು ಲಕ್ಷಕ್ಕೆ ಚಿನ್ನ, ಹತ್ತು ಲಕ್ಷಕ್ಕೆ ಪ್ಲಾಟಿನಂ. ಕೊಡುತ್ತಿದ್ದದ್ದು ರೆಕಾರ್ಡ್ ಕಂಪನಿಗಳ ಸಂಘ. 'ಬ್ಲೂ ಮಂಡೇ' ತಂದ ಫ್ಯಾಕ್ಟರಿ ಕಂಪನಿ ಆ ಸಂಘದ ಸದಸ್ಯನೇ ಅಲ್ಲ.

ಇನ್ನು ಮಿಡ್ಜ್ ಯೂರ್. 1981ರಲ್ಲಿ ಎರಡನೇ ಸ್ಥಾನದಲ್ಲಿ ಸಿಕ್ಕಿಬಿದ್ದ 'ವಿಯೆನ್ನಾ' ಹಾಡಿದಾತ ಈತನೇ. 1984ರಲ್ಲಿ ಇಥಿಯೋಪಿಯಾದ ಬರಗಾಲದ ಚಿತ್ರಗಳನ್ನು ಟಿವಿಯಲ್ಲಿ ಕಂಡ ಬಾಬ್ ಗೆಲ್ಡಾಫ್ ಸಹಾಯಾರ್ಥ ರೆಕಾರ್ಡ್ ಮಾಡಲು ಹೊರಟಾಗ ಜೊತೆಗೆ ಕೂತು 'ಡು ದೇ ನೋ ಇಟ್ಸ್ ಕ್ರಿಸ್‌ಮಸ್' ಬರೆದದ್ದು ಯೂರ್. ನವೆಂಬರ್ 25ರ ಭಾನುವಾರ ಮುದ್ರಣ, ಡಿಸೆಂಬರ್ ಆರಂಭಕ್ಕೆ ಅಂಗಡಿಯಲ್ಲಿ. ಕ್ಯಾಟಲಾಗ್ ಸಂಖ್ಯೆ 'ಫೀಡ್ 1'. ಮೊದಲ ವಾರವೇ ಹತ್ತು ಲಕ್ಷ, ಒಟ್ಟು ಮೂವತ್ತು ಲಕ್ಷದ ಮೇಲೆ. ಆ ವಾರ ಗ್ಯಾಲಪ್ ಯಂತ್ರದ ಮುಂದೆ ಕೂತ ಅಂಗಡಿ ಹುಡುಗಿಯ ಬೆರಳುಗಳು ಅದೊಂದನ್ನೇ ಎಷ್ಟು ಸಲ ಒತ್ತಿರಬೇಕು! ಅಂಥ ಅಲೆಯ ಮುಂದೆ ಯಾವ ಅಂಗಡಿ ಆರಿಸಿದರೂ ಫಲಿತಾಂಶ ಒಂದೇ. 'ವಿಯೆನ್ನಾ'ಕ್ಕೂ ಸಮಾಧಾನದ ಬಹುಮಾನ ಸಿಕ್ಕಿತು, ತಡವಾಗಿ. 2013ರಲ್ಲಿ ಬಿಬಿಸಿ ರೇಡಿಯೊ 2 ಜೊತೆ ಸೇರಿ ನಡೆಸಿದ ಮತದಾನದಲ್ಲಿ, ಎಂದೂ ಮೊದಲ ಸ್ಥಾನ ಕಾಣದೆ ಎರಡರಲ್ಲೇ ನಿಂತ ಹಾಡುಗಳಲ್ಲಿ ಜನ ಅದನ್ನೇ ಆರಿಸಿದರು.

ಮುಂದಿನ ಸೋಮವಾರ ಇದನ್ನೆಲ್ಲ ಸಹೋದ್ಯೋಗಿಗೆ ಒಪ್ಪಿಸಿ, ನಿಮ್ಮ ಎರಡನೇ ಪ್ರತಿ ಇಪ್ಪತ್ತಾಗಿ ಎಣಿಸಲ್ಪಟ್ಟಿರಬಹುದು ಎಂದೆ. ಅವರು ತಲೆಯಾಡಿಸಿದರು. ತೊಂಬತ್ತರ ದಶಕದಲ್ಲಿ ಆ ಅಂಗಡಿ ಮುಚ್ಚುವಾಗ ಕೊನೆಯ ದಿನ ಇವರು ಹೋಗಿದ್ದರಂತೆ. ಮಾತಿಗೆ ಮಾತು ಬಂದು, ನಿಮ್ಮಲ್ಲಿ ಡೈರಿ ಇತ್ತೇ ಎಂದು ಕೇಳಿದರಂತೆ. ಮಾಲೀಕ ನಕ್ಕು, ಇಷ್ಟು ಸಣ್ಣ ಅಂಗಡಿಗೆ ಯಾರು ಕೊಡುತ್ತಾರೆ ಎಂದನಂತೆ.

ಆ ವಾರ ನಾನು ಮಾಡಿದ್ದು ಒಂದು ಸಣ್ಣ ಕೆಲಸ. ನಮ್ಮ ಪಟ್ಟಿ ಭಾನುವಾರ ನಡುರಾತ್ರಿಗೆ ಮುಚ್ಚುತ್ತದೆ. ಅಷ್ಟರಲ್ಲಿ ಡೇಟಾ ಕಳಿಸದ ಅಂಗಡಿಗಳನ್ನು ಬಿಟ್ಟುಬಿಡುವ ನಿಯಮ ನಾಲ್ಕು ವರ್ಷದ ಹಿಂದೆ ನಾನೇ ಬರೆದದ್ದು. ಯಾವ ಅಂಗಡಿಗಳು ತಡ ಮಾಡುತ್ತವೆ ಎಂದು ಆಗ ನೋಡಿರಲಿಲ್ಲ. ಈಗ ನೋಡಿದೆ. ಹೆಚ್ಚಿನವು ನೆಟ್‌ವರ್ಕ್ ಕೈಕೊಡುವ ಸಣ್ಣ ಊರುಗಳವು. ಮಂಗಳವಾರದವರೆಗೆ ಕಾದು ಹಿಂದಿನ ಮೂರು ತಿಂಗಳ ಲೆಕ್ಕವನ್ನು ಮತ್ತೆ ಓಡಿಸಿದೆ. ಮೊದಲ ಐದು ಸ್ಥಾನ ಅಲುಗಲಿಲ್ಲ. ಮೂವತ್ತೊಂದರಲ್ಲಿದ್ದ ಐದು ರೂಪಾಯಿಯ ಬಟ್ಟೆ ಸೋಪು ಹದಿನೇಳಕ್ಕೆ ಬಂತು. ಮ್ಯಾನೇಜರ್ ಎರಡು ದಿನ ಕಾಯಲು ಒಪ್ಪಲಿಲ್ಲ. ಪಟ್ಟಿಯ ಕೆಳಗೆ ಎಷ್ಟು ಅಂಗಡಿ ಎಣಿಸಿದೆವು, ಎಷ್ಟು ಬಿಟ್ಟೆವು ಎಂದು ಒಂದು ಸಾಲು ಹಾಕಲು ಒಪ್ಪಿದರು.

ಆ ಸಾಲು ಸೇರಿಸಿದ ದಿನ ಲೀಡ್ಸ್‌ನಿಂದ ಒಂದು ಫೋಟೊ ಬಂತು. ಏಳಿಂಚಿನ ಚೌಕದ ಲಕೋಟೆ, ಮೂಲೆಯಲ್ಲಿ ಬೆಲೆಯ ಚೀಟಿ ಹಾಗೇ ಇದೆ. ಎರಡನೇ ಪ್ರತಿ. ಒಮ್ಮೆಯೂ ಹಾಕಿ ಕೇಳಿಲ್ಲವಂತೆ.